ಈಸ್ಟ್ ಹ್ಯಾಮ್‌ನ ಮೇಜಿನ ಮೇಲೆ ಐದು ಗುಂಡು



ಸಾಲಾಗಿ ತೂಗುಬಿದ್ದ ಐದು ಉಕ್ಕಿನ ಗುಂಡುಗಳು. ಒಂದು ತುದಿಯದನ್ನು ಬೆರಳಲ್ಲಿ ಎತ್ತಿ ಬಿಟ್ಟರೆ ಅದು ಬಂದು ‘ಟಕ್’ ಎಂದು ಬಡಿದು ಅಲ್ಲೇ ನಿಲ್ಲುತ್ತದೆ. ನಡುವಿನ ಮೂರು ಅಲ್ಲಾಡಿದಂತೆ ಕಾಣುವುದಿಲ್ಲ. ಆಚೆ ತುದಿಯ ಗುಂಡು ಮಾತ್ರ ಚಂಗನೆ ಮೇಲೇರುತ್ತದೆ, ಇಳಿದು ಬಂದು ಬಡಿಯುತ್ತದೆ, ಈಗ ಈಚೆಯದು ಏಳುತ್ತದೆ. ಡಾಕ್ಟರ ಕೋಣೆಯಲ್ಲಿ, ಬ್ಯಾಂಕ್ ಮ್ಯಾನೇಜರರ ಮೇಜಿನ ಮೇಲೆ, ಸಿನಿಮಾದ ಶ್ರೀಮಂತ ಖಳನಾಯಕನ ಆಫೀಸಿನಲ್ಲಿ ಇದನ್ನು ಕಾಣದವರು ಕಡಿಮೆ. ಅಂಗಡಿಯಲ್ಲಿ ಇದರ ಹೆಸರು ನ್ಯೂಟನ್ಸ್ ಕ್ರೇಡಲ್. ಕನ್ನಡದಲ್ಲಿ ನ್ಯೂಟನ್ನನ ತೊಟ್ಟಿಲು ಎಂದರೂ ಸರಿಯೇ.

ಇಂಥ ತೊಟ್ಟಿಲು ಬಂದು ಸೇರುವ ಒಂದು ಊರಿಗೆ ಹೋಗೋಣ. ಲಂಡನ್ನಿನ ಪೂರ್ವದಲ್ಲಿರುವ ಈಸ್ಟ್ ಹ್ಯಾಮ್ 1965ರ ಏಪ್ರಿಲ್ 1ರಿಂದ ನ್ಯೂಹ್ಯಾಮ್ ಬರೋಗೆ ಸೇರಿದೆ. ಅಲ್ಲಿನ ಹೈ ಸ್ಟ್ರೀಟ್ ನಾರ್ತ್‌ನಲ್ಲಿ ನಡೆದುಹೋದರೆ ದೋಸೆಯ ಹೋಟೆಲು, ನುಗ್ಗೆಕಾಯಿ, ಕರಿಬೇವು, ಅಕ್ಕಿ ಮೂಟೆಗಳ ಅಂಗಡಿ, ಮಹಾಲಕ್ಷ್ಮಿಯ ದೇವಸ್ಥಾನ. ತಮಿಳು, ಮಲಯಾಳ ಜೋರಾಗಿ ಕೇಳುವ ಈ ಬೀದಿಯಲ್ಲಿ ಕನ್ನಡವೂ ಆಗಾಗ ಕಿವಿಗೆ ಬೀಳುತ್ತದೆ. ಡಿಸ್ಟ್ರಿಕ್ಟ್ ಲೈನ್ ಹಿಡಿದು ವೆಸ್ಟ್ ಹ್ಯಾಮ್‌ನಲ್ಲಿ ಜುಬಿಲಿ ಲೈನಿಗೆ ಬದಲಿಸಿದರೆ ಕ್ಯಾನರಿ ವಾರ್ಫ್ ದೂರವಿಲ್ಲ. ಹಾಗಾಗಿ ಬೆಂಗಳೂರು, ಮೈಸೂರು, ಮಂಗಳೂರಿನಿಂದ ಕಂಪ್ಯೂಟರ್ ಕೆಲಸಕ್ಕೆ ಬಂದವರಿಗೆ ಈ ಕಡೆ ಬಾಡಿಗೆ ಮನೆ ಅನುಕೂಲ. ಮಗಳೋ ಮಗನೋ ಸೆಕೆಂಡರಿ ಶಾಲೆಗೆ ಕಾಲಿಟ್ಟ ವರ್ಷ ಓದುವ ಮೇಜು ಬರುತ್ತದೆ. ಮೇಜಿನ ಮೇಲೆ ದೀಪ, ಪೆನ್ನಿನ ಡಬ್ಬಿ. ಆಮೇಲೆ ಹುಟ್ಟುಹಬ್ಬಕ್ಕೆ ಏನು ಕೊಡುವುದು ಎಂಬ ಪ್ರಶ್ನೆ ಬಂದಾಗ ಈ ಐದು ಗುಂಡಿನ ಆಟಿಕೆ ಕಣ್ಣಿಗೆ ಬೀಳುತ್ತದೆ.

ಕೊಳ್ಳಬೇಕೇ, ಧೂಳು ತಿನ್ನುವ ಇನ್ನೊಂದು ವಸ್ತು ಮನೆಗೆ ಬೇಡವೇ? ಕೊಳ್ಳಬೇಕು. ಆದರೆ ನೋಡಿ ಕೊಳ್ಳಬೇಕು, ತಂದ ಮೇಲೆ ಅದನ್ನು ಪ್ರಶ್ನೆ ಕೇಳಬೇಕು. ಅದರಲ್ಲೂ ಈಸ್ಟ್ ಹ್ಯಾಮ್‌ನಲ್ಲಿ ಇರುವವರು ಕೊಳ್ಳಲು ಬೇರೆ ಊರಿನವರಿಗೆ ಇಲ್ಲದ ಒಂದು ಕಾರಣವಿದೆ.

ಮೊದಲು ಆಟಿಕೆಯ ಜಾತಕ ನೋಡೋಣ. ಹೆಸರಿನಲ್ಲಿ ನ್ಯೂಟನ್ ಇದ್ದರೂ ಇದನ್ನು ಮಾಡಿದವನು ನ್ಯೂಟನ್ ಅಲ್ಲ. ಮೇಜಿನ ಮೇಲಿಡುವ ಈ ರೂಪಕ್ಕೆ ಸುಮಾರು ಅರವತ್ತು ವರ್ಷವಷ್ಟೇ ವಯಸ್ಸು. 1967ರಲ್ಲಿ ಸೈಮನ್ ಪ್ರೆಬಲ್ ಎಂಬ ಇಂಗ್ಲಿಷ್ ನಟ ತಮ್ಮ ಸೈಂಟಿಫಿಕ್ ಡೆಮಾನ್‌ಸ್ಟ್ರೇಷನ್ಸ್ ಎಂಬ ಕಂಪನಿಯಿಂದ ಮರದ ಚೌಕಟ್ಟಿನ ಒಂದು ಆಟಿಕೆ ಹೊರತಂದು, ಅದಕ್ಕೆ ನ್ಯೂಟನ್ಸ್ ಕ್ರೇಡಲ್ ಎಂದು ಹೆಸರಿಟ್ಟರು. ಅಂಗಡಿಯವರು ಮೊದಮೊದಲು ಮೂಗು ಮುರಿದರು. ಕೊನೆಗೆ ಮಾರಲು ಇಟ್ಟಿದ್ದು ಲಂಡನ್ನಿನ ಹ್ಯಾರಡ್ಸ್. ಆಮೇಲೆ ಕಾರ್ನಬಿ ಸ್ಟ್ರೀಟಿನ ಗಿಯರ್ ಎಂಬ ಅಂಗಡಿಗೆ ಶಿಲ್ಪಿ ರಿಚರ್ಡ್ ಲಾಂಕ್ರೇನ್ ಹೊಳೆಯುವ ಕ್ರೋಮ್ ಲೋಹದಲ್ಲಿ ಇದರ ಹೊಸ ವಿನ್ಯಾಸ ಮಾಡಿಕೊಟ್ಟರು. ಇಂದು ಜಗತ್ತಿನ ಮೇಜುಗಳ ಮೇಲೆ ಮಿನುಗುವುದು ಬಹುಪಾಲು ಆ ಜಾತಿಯದು. ಲಾಂಕ್ರೇನ್ ಮುಂದೆ ಸಿನಿಮಾ ನಿರ್ದೇಶಕರಾದರು. ಪ್ರೆಬಲ್ ಪುಸ್ತಕಗಳನ್ನು ಧ್ವನಿಮುದ್ರಣಕ್ಕೆ ಓದುವ ಕಲೆಯಲ್ಲಿ ಹೆಸರಾದರು. ದನಿಯಿಂದಲೇ ಬಾಳಿದವರೊಬ್ಬರು ‘ಟಕ್ ಟಕ್’ ಎನ್ನುವ ಈ ಆಟಿಕೆಗೆ ಹೆಸರು ಕೊಟ್ಟರೆಂಬುದನ್ನು ರೇಡಿಯೋ ಕೇಳುಗರು ಮೆಚ್ಚಿಯಾರು.

ಹೆಸರು 1967ರದ್ದು. ಹಿಂದಿರುವ ವಿಚಾರಕ್ಕೆ ಅದಕ್ಕಿಂತ ಸುಮಾರು ಮುನ್ನೂರು ವರ್ಷ ಹೆಚ್ಚು ವಯಸ್ಸು.

1668ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರಿಗೆ ಒಂದು ಸಮಸ್ಯೆ ತಲೆ ತಿನ್ನುತ್ತಿತ್ತು. ಎರಡು ವಸ್ತುಗಳು ಡಿಕ್ಕಿ ಹೊಡೆದರೆ ಆಮೇಲೆ ಯಾವುದು ಎಷ್ಟು ವೇಗದಲ್ಲಿ ಎತ್ತ ಹೋಗುತ್ತದೆ? ಮೂವರಿಗೆ ಉತ್ತರ ಬರೆಯಲು ಹೇಳಿದರು. ಆಕ್ಸ್‌ಫರ್ಡಿನ ಗಣಿತಜ್ಞ ಜಾನ್ ವಾಲಿಸ್ ನವೆಂಬರಿನಲ್ಲಿ ಬರೆದ. ಡಿಸೆಂಬರಿನಲ್ಲಿ ಕ್ರಿಸ್ಟಫರ್ ರೆನ್. ಮರುವರ್ಷದ ಜನವರಿಯಲ್ಲಿ ಹಾಲೆಂಡಿನ ಕ್ರಿಸ್ಟಿಯಾನ್ ಹಾಯ್ಗನ್ಸ್‌ನ ಉತ್ತರ ಬಂತು. ರೆನ್ ಎಂದರೆ ಬೆಂಕಿಯಲ್ಲಿ ಬೆಂದ ಲಂಡನ್ನಿಗೆ ಸೇಂಟ್ ಪಾಲ್ಸ್ ಕೆಥೆಡ್ರಲ್ ಕಟ್ಟಿಕೊಟ್ಟ ಅದೇ ವಾಸ್ತುಶಿಲ್ಪಿ. ದಾರದಲ್ಲಿ ತೂಗುಹಾಕಿದ ಗುಂಡುಗಳನ್ನು ಒಂದಕ್ಕೊಂದು ಬಡಿಸಿ ಸೊಸೈಟಿಯ ಮುಂದೆ ಪ್ರಯೋಗ ಮಾಡಿ ತೋರಿಸಿದವನು ಅವನೇ. ಫ್ರಾನ್ಸಿನಲ್ಲಿ ಎಡ್ಮ್ ಮಾರಿಯೊಟ್ ಇಂಥ ಲೋಲಕಗಳ ಪ್ರಯೋಗವನ್ನೇ ವಿಷಯವಾಗಿಟ್ಟು 1673ರಲ್ಲಿ ಒಂದು ಪುಸ್ತಕ ಬರೆದ. ಈ ಆಟಿಕೆಗೆ ನ್ಯಾಯವಾಗಿ ಹೆಸರಿಡಬೇಕಾದರೆ ರೆನ್ ಮತ್ತು ಮಾರಿಯೊಟ್ ಮೊದಲ ಹಕ್ಕುದಾರರು.

ನ್ಯೂಟನ್ ಇದನ್ನು ಮುಚ್ಚಿಡಲಿಲ್ಲ. 1687ರಲ್ಲಿ ಹೊರಬಂದ ಪ್ರಿನ್ಸಿಪಿಯಾದಲ್ಲಿ ಚಲನೆಯ ಮೂರು ನಿಯಮಗಳನ್ನು ಹೇಳಿದ ಕೂಡಲೇ ಈ ನಾಲ್ವರ ಹೆಸರನ್ನೂ ಎತ್ತಿ ಗೌರವಿಸಿದ್ದಾನೆ. ಆಮೇಲೆ ತಾನೇ ಮಾಡಿದ ಪ್ರಯೋಗ ವಿವರಿಸುತ್ತಾನೆ. ದಾರದ ಉದ್ದ ಹತ್ತು ಅಡಿ. ಗಾಳಿ ತಡೆದು ಎಷ್ಟು ವೇಗ ಕದಿಯುತ್ತದೆ ಎಂಬುದನ್ನು ಬೇರೆಯಾಗಿ ಅಳೆದು ಲೆಕ್ಕದಲ್ಲಿ ಸರಿಪಡಿಸಿಕೊಂಡ. ಎಂಟು, ಹನ್ನೆರಡು, ಹದಿನಾರು ಅಡಿ ದೂರ ತೂಗಿ ಬಂದ ಗುಂಡುಗಳು ಡಿಕ್ಕಿಯಾದಾಗಲೂ ಲೆಕ್ಕಕ್ಕೂ ನೋಟಕ್ಕೂ ಮೂರು ಅಂಗುಲದ ವ್ಯತ್ಯಾಸ ಬರಲಿಲ್ಲ ಎಂದು ಬರೆದ. ಯಾವ ಪದಾರ್ಥ ಎಷ್ಟು ಪುಟಿಯುತ್ತದೆ ಎಂಬುದನ್ನೂ ನೋಡಿದ. ಬಿಗಿಯಾಗಿ ಸುತ್ತಿದ ಉಣ್ಣೆಯ ಉಂಡೆಗಳು ಒಂದನ್ನೊಂದು ಸಮೀಪಿಸಿದ ವೇಗದ 9ರಲ್ಲಿ 5 ಪಾಲಿನಷ್ಟು ವೇಗದಲ್ಲಿ ದೂರ ಸರಿದವು. ಗಾಜಿನ ಗುಂಡುಗಳಲ್ಲಿ ಅದು 16ರಲ್ಲಿ 15 ಪಾಲು. ಉಕ್ಕಿನವು ಬಂದಷ್ಟೇ ವೇಗದಲ್ಲಿ ಹಿಂದಿರುಗಿದವು ಎನ್ನಬಹುದು. ನಮ್ಮ ಆಟಿಕೆಯಲ್ಲಿ ಉಕ್ಕು ಏಕಿದೆ ಎಂಬುದಕ್ಕೆ ಉತ್ತರ ಅಲ್ಲೇ ಇದೆ. ಗೋಲಿಯಾಡಿ ಬೆಳೆದವರಿಗೆ ಗಾಜಿನ ಆ 15 ಪಾಲಿನ ಲೆಕ್ಕ ಬೆರಳಿಗೇ ಗೊತ್ತು.

ಈಗ ಈಸ್ಟ್ ಹ್ಯಾಮ್‌ಗೆ ಬರೋಣ.

ಟ್ಯೂಬ್ ಸ್ಟೇಷನ್ನಿನಿಂದ ದಕ್ಷಿಣಕ್ಕೆ ನಡೆಯಿರಿ. ಬಾರ್ಕಿಂಗ್ ರಸ್ತೆ ಅಡ್ಡ ಬರುವಲ್ಲಿ 1903ರ ಕೆಂಪಿಟ್ಟಿಗೆಯ ಟೌನ್ ಹಾಲ್ ಸಿಗುತ್ತದೆ. ಅದನ್ನು ದಾಟಿ ಹೈ ಸ್ಟ್ರೀಟ್ ಸೌತ್ ಹಿಡಿದರೆ, ಸ್ಟೇಷನ್ನಿನಿಂದ ಒಟ್ಟು ಅರ್ಧ ಗಂಟೆಯ ನಡಿಗೆಯಲ್ಲಿ, ಎ13 ಹೆದ್ದಾರಿಯ ಸದ್ದಿನ ಪಕ್ಕದಲ್ಲಿ, ಸೇಂಟ್ ಮೇರಿ ಮ್ಯಾಗ್ಡಲೀನ್ ಎಂಬ ಹನ್ನೆರಡನೆಯ ಶತಮಾನದ ಚರ್ಚು ಇದೆ. ನಾರ್ಮನ್ನರ ಕಾಲದ ಗೋಡೆ, ಇಂದಿಗೂ ಪ್ರಾರ್ಥನೆ ನಡೆಯುವ ಗುಡಿ. ಸುತ್ತಲಿನ ವಿಶಾಲವಾದ ಸ್ಮಶಾನ ಈಗ ಮರಗಿಡ ಹಕ್ಕಿಗಳಿಗೆ ಬಿಟ್ಟುಕೊಟ್ಟ ಸಂರಕ್ಷಿತ ಜಾಗ. ಆ ನೆಲದಲ್ಲಿ ಎಲ್ಲೋ, ಗುರುತಿನ ಕಲ್ಲಿಲ್ಲದೆ, ವಿಲಿಯಂ ಸ್ಟೂಕ್ಲಿ ಮಲಗಿದ್ದಾನೆ.

ಸೇಬು ಬಿದ್ದದ್ದನ್ನು ಕಂಡು ನ್ಯೂಟನ್ನನಿಗೆ ಗುರುತ್ವದ ವಿಚಾರ ಹೊಳೆಯಿತು ಎಂಬ ಕಥೆ ಕನ್ನಡ ಶಾಲೆಯ ಯಾವ ಮಗುವಿಗೆ ಗೊತ್ತಿಲ್ಲ? ಆ ಕಥೆಯನ್ನು ನ್ಯೂಟನ್ನನ ಬಾಯಿಂದಲೇ ಕೇಳಿ ಬರೆದಿಟ್ಟವನು ಈ ಸ್ಟೂಕ್ಲಿ. 1726ರ ಏಪ್ರಿಲ್ 15. ನ್ಯೂಟನ್ನನಿಗೆ ಆಗ 83 ವರ್ಷ, ಕೆನ್ಸಿಂಗ್ಟನ್‌ನಲ್ಲಿ ವಾಸ. ಊಟವಾಯಿತು, ಹವೆ ಬೆಚ್ಚಗಿತ್ತು, ಇಬ್ಬರೂ ತೋಟಕ್ಕೆ ಹೋಗಿ ಸೇಬಿನ ಮರಗಳ ನೆರಳಿನಲ್ಲಿ ಚಹಾ ಕುಡಿಯುತ್ತ ಕುಳಿತರು. ಹಿಂದೆ ಗುರುತ್ವದ ಯೋಚನೆ ತಲೆಗೆ ಬಂದಾಗಲೂ ತಾನು ಹೀಗೇ ಕುಳಿತಿದ್ದೆ, ಒಂದು ಸೇಬು ಬಿದ್ದದ್ದು ಅದಕ್ಕೆ ನೆಪವಾಯಿತು ಎಂದು ಮುದುಕ ನೆನೆದುಕೊಂಡ. ತಲೆಯ ಮೇಲೆ ಬಿತ್ತೆಂದು ಅವನು ಹೇಳಲಿಲ್ಲ. ಅದು ಮುಂದಿನವರು ಸೇರಿಸಿದ ಒಗ್ಗರಣೆ. ಮರುವರ್ಷದ ಮಾರ್ಚಿನಲ್ಲಿ ನ್ಯೂಟನ್ ತೀರಿಕೊಂಡ. ಸ್ಟೂಕ್ಲಿ ತನ್ನ ನೆನಪುಗಳನ್ನು 1752ರಲ್ಲಿ ಕೈಬರಹದ ಪುಸ್ತಕವಾಗಿ ಒಟ್ಟುಗೂಡಿಸಿದ. ಅದು ಅಚ್ಚಾದದ್ದು 1936ರಲ್ಲಿ. ಹಸ್ತಪ್ರತಿ ರಾಯಲ್ ಸೊಸೈಟಿಯಲ್ಲಿದೆ. 2010ರ ಜನವರಿಯಲ್ಲಿ ಸೊಸೈಟಿಯವರು ಅದರ ಪುಟಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟರು. ಅದೇ ವರ್ಷದ ಮೇ ತಿಂಗಳಲ್ಲಿ, ನ್ಯೂಟನ್ನನ ಹುಟ್ಟೂರಿನ ಆ ಸೇಬಿನ ಮರದ ಒಂದು ಚೂರನ್ನು ಗಗನಯಾತ್ರಿ ಪಿಯರ್ಸ್ ಸೆಲ್ಲರ್ಸ್ ಅಟ್ಲಾಂಟಿಸ್ ನೌಕೆಯಲ್ಲಿ ಅಂತರಿಕ್ಷಕ್ಕೆ ಒಯ್ದರು.

ಸೇಬಿನ ಕಥೆಗಿಂತ ಈ ಹೊತ್ತಿನ ಮಾತಿಗೆ ಹತ್ತಿರವಾದದ್ದು ಸ್ಟೂಕ್ಲಿ ಸಂಗ್ರಹಿಸಿದ ಇನ್ನೊಂದು ಸಂಗತಿ. 1726ರಲ್ಲಿ ಅವನು ಲಂಡನ್ ಬಿಟ್ಟು ಗ್ರಾಂಥಂ ಎಂಬ ಊರಿನಲ್ಲಿ ವೈದ್ಯನಾಗಿ ನೆಲೆಸಿದ. ನ್ಯೂಟನ್ ಹುಡುಗನಾಗಿದ್ದಾಗ ಓದಿದ ಶಾಲೆ ಆ ಊರಿನದು. ಆಗ ಔಷಧಿ ಅಂಗಡಿಯ ಕ್ಲಾರ್ಕ್ ಎಂಬವರ ಮನೆಯಲ್ಲಿ ನ್ಯೂಟನ್ನನ ವಾಸ. ನ್ಯೂಟನ್ನನ ಬಾಲ್ಯ ಕಂಡ ಮುದುಕ ಮುದುಕಿಯರು ಇನ್ನೂ ಬದುಕಿದ್ದರು. ಸ್ಟೂಕ್ಲಿ ಅವರನ್ನೆಲ್ಲ ಮಾತಾಡಿಸಿದ. ಅವರಿಗೆ ನೆನಪಿದ್ದದ್ದು ಆ ಹುಡುಗನ ಅಂಕಗಳಲ್ಲ, ಆಟಿಕೆಗಳು. ಊರ ಹೊರಗೆ ಗಾಳಿಗಿರಣಿ ಕಟ್ಟುತ್ತಿದ್ದಾಗ ದಿನವೂ ಹೋಗಿ ನೋಡಿ, ಅದರದೇ ಸಣ್ಣ ಪ್ರತಿಯನ್ನು ಮಾಡಿ, ಮನೆಯ ಮಾಡಿನ ಮೇಲಿಟ್ಟು ಬಟ್ಟೆಯ ರೆಕ್ಕೆಗಳಿಂದ ಓಡಿಸಿದನಂತೆ. ಗಾಳಿ ಇಲ್ಲದಾಗ ತಿರುಗಿಸಲು ಒಳಗೆ ಒಂದು ಇಲಿಯನ್ನು ಕೂಡಿ ಅದಕ್ಕೆ ಗಿರಣಿಯವ ಎಂದು ಹೆಸರಿಟ್ಟನಂತೆ. ನೀರಿನ ಗಡಿಯಾರ ಮಾಡಿದ. ಕೂತು ಕೈಯಲ್ಲಿ ತಿರುಗಿಸಿಕೊಂಡು ಹೋಗುವ ನಾಲ್ಕು ಗಾಲಿಯ ಬಂಡಿ ಮಾಡಿದ. ಜೊತೆಯ ಹುಡುಗಿಯರಿಗೆ ಗೊಂಬೆ ಇಟ್ಟುಕೊಳ್ಳಲು ಪುಟ್ಟ ಮೇಜು, ಕಪಾಟು ಮಾಡಿಕೊಟ್ಟ. ಗಾಳಿಪಟದ ಬಾಲಕ್ಕೆ ಕಾಗದದ ದೀಪ ಕಟ್ಟಿ ರಾತ್ರಿ ಹಾರಿಸಿ, ಧೂಮಕೇತು ಬಂತೆಂದು ಹಳ್ಳಿಯವರನ್ನು ಹೆದರಿಸಿದ.

ನ್ಯೂಟನ್ನನ ಮಿದುಳಿನ ಬಗ್ಗೆ ಎಷ್ಟೋ ಗ್ರಂಥಗಳಿವೆ. ಅವನ ಕೈಗಳ ಬಗ್ಗೆ ನಮಗೆ ಗೊತ್ತಿರುವುದರ ದೊಡ್ಡ ಪಾಲು ಈ ಒಬ್ಬ ವೈದ್ಯ ಕೇಳಿ ಕೇಳಿ ಕಲೆಹಾಕಿದ್ದು. ಸ್ಟೂಕ್ಲಿ ಹುಟ್ಟಿದ್ದು 1687ರಲ್ಲಿ, ಪ್ರಿನ್ಸಿಪಿಯಾ ಹೊರಬಂದ ವರ್ಷವೇ. ಸ್ಟೋನ್‌ಹೆಂಜ್, ಏವ್‌ಬರಿಯ ಪ್ರಾಚೀನ ಕಲ್ಲುವೃತ್ತಗಳನ್ನು ಅಳೆದು ಚಿತ್ರ ಬರೆದವನು, ಮುಂದೆ ಪಾದ್ರಿಯಾಗಿ ಲಂಡನ್ನಿನ ಕ್ವೀನ್ ಸ್ಕ್ವೇರಿನ ಚರ್ಚಿನಲ್ಲಿ ಸೇವೆ ಮಾಡಿದವನು. 1765ರ ಮಾರ್ಚ್ 3ರಂದು ತೀರಿಕೊಂಡ. ಈಸ್ಟ್ ಹ್ಯಾಮ್‌ನ ಈ ಜಾಗವನ್ನು ತಾನೇ ಆರಿಸಿಕೊಂಡಿದ್ದ, ಸ್ಮಾರಕ ಬೇಡವೆಂದೂ ಹೇಳಿದ್ದ. ನ್ಯೂಟನ್ನನ ಆಟಿಕೆಗಳ ಕಥೆ ಉಳಿಸಿದವನು ಮಲಗಿರುವ ಊರಿನಲ್ಲಿ ನ್ಯೂಟನ್ನನ ಹೆಸರಿನ ಆಟಿಕೆಯೊಂದು ಮಗುವಿನ ಮೇಜಿಗೆ ಬರುವುದು ತಕ್ಕ ಮಾತು. ಆಗಲೇ ಹೇಳಿದ ಕಾರಣ ಇದು.

ಮಗು ಮೊದಲ ದಿನ ಕೇಳುವ ಪ್ರಶ್ನೆ ಒಂದೇ: ಒಂದು ಗುಂಡು ಬಿಟ್ಟರೆ ಒಂದೇ ಏಕೆ ಏಳುತ್ತದೆ? ಎರಡು ಬಿಟ್ಟರೆ ಎರಡು, ಮೂರು ಬಿಟ್ಟರೆ ಮೂರು. ಇರುವುದೇ ಐದು, ಆದ್ದರಿಂದ ಮೂರು ಬಿಟ್ಟಾಗ ನಡುವಿನ ಗುಂಡು ಎರಡೂ ಕಡೆಯ ತಂಡದಲ್ಲಿ ಆಡುತ್ತದೆ. ಗುಂಡುಗಳಿಗೆ ಎಣಿಸಲು ಬರುತ್ತದೆಯೇ?

ಒಂಬತ್ತನೆಯ ತರಗತಿಯ ಕನ್ನಡ ವಿಜ್ಞಾನ ಪಠ್ಯದಲ್ಲಿ ಸಂವೇಗ ಎಂಬ ಮಾತಿದೆ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಬರುವುದು ಅದು. ಡಿಕ್ಕಿಯ ಮುಂಚೆ ಒಟ್ಟು ಎಷ್ಟಿತ್ತೋ ಡಿಕ್ಕಿಯ ನಂತರವೂ ಅಷ್ಟೇ ಇರುತ್ತದೆ. ಹಾಗಾದರೆ ಎರಡು ಗುಂಡು ಬಂದು ಬಡಿದಾಗ ಆಚೆಯಿಂದ ಒಂದೇ ಗುಂಡು ಇಮ್ಮಡಿ ವೇಗದಲ್ಲಿ ಹಾರಿದರೂ ಸಂವೇಗದ ಲೆಕ್ಕ ಸರಿಹೋಗುತ್ತದಲ್ಲ? ಹೋಗುತ್ತದೆ. ಆದರೆ ಚಲನಶಕ್ತಿಯ ಲೆಕ್ಕ ಕೆಡುತ್ತದೆ. ಚಲನಶಕ್ತಿ ವೇಗದ ವರ್ಗವನ್ನು ಅನುಸರಿಸುವುದರಿಂದ ಆ ಒಂದು ಗುಂಡಿಗೆ ಬಂದದ್ದರ ಎರಡರಷ್ಟು ಶಕ್ತಿ ಬೇಕಾಗುತ್ತದೆ, ಅದು ಎಲ್ಲಿಂದಲೂ ಹುಟ್ಟುವುದಿಲ್ಲ. ಇತ್ತ ಒಂದು ಬಂದು ಆಚೆಯಿಂದ ಎರಡು ಅರ್ಧ ವೇಗದಲ್ಲಿ ಹೊರಟರೆ ಅರ್ಧ ಶಕ್ತಿ ಮಾಯವಾದಂತೆ. ಉಕ್ಕಿನಲ್ಲಿ ಒಂದೇ ಏಟಿಗೆ ಅಷ್ಟು ಶಕ್ತಿ ಕಳೆದುಹೋಗುವುದಿಲ್ಲ. ಎರಡೂ ಲೆಕ್ಕ ಕೂಡಿಬರಬೇಕು. ಬಹಳಷ್ಟು ಪುಸ್ತಕಗಳು ಇಲ್ಲಿಗೆ ವಿವರಣೆ ಮುಗಿಸುತ್ತವೆ.

ಮುಗಿಸಬಾರದು. ಚುರುಕಾದ ಮಗುವೊಂದು ಕಾಗದ ಪೆನ್ಸಿಲು ಹಿಡಿದರೆ ಈ ವಿವರಣೆ ಸಾಲದೆಂದು ಕಂಡುಹಿಡಿಯಬಲ್ಲದು. ಮೂರೇ ಗುಂಡು ಇವೆ ಎಂದುಕೊಳ್ಳಿ. ಮೊದಲನೆಯದು ಸೆಕೆಂಡಿಗೆ 3 ಅಡಿ ವೇಗದಲ್ಲಿ ಬಂದು ಬಡಿಯಿತು. ಬಡಿದ ಗುಂಡು 1 ಅಡಿ ವೇಗದಲ್ಲಿ ಹಿಂದಕ್ಕೆ ಪುಟಿದು, ಉಳಿದೆರಡು ತಲಾ 2 ಅಡಿ ವೇಗದಲ್ಲಿ ಮುಂದಕ್ಕೆ ಹೋದರೆ? ಸಂವೇಗ: 2 ಮತ್ತು 2 ಕೂಡಿ 4, ಹಿಂದೆ ಹೋದ 1 ಕಳೆದರೆ 3. ಸರಿಯಾಯಿತು. ಶಕ್ತಿ: 1ರ ವರ್ಗ 1, 2ರ ವರ್ಗ 4, ಇನ್ನೊಂದು 4, ಕೂಡಿದರೆ 9. 3ರ ವರ್ಗವೂ 9. ಅದೂ ಸರಿ! ಎರಡು ನಿಯಮವೂ ಒಪ್ಪುವ ಈ ನಡೆಯನ್ನು ಗುಂಡುಗಳು ಏಕೆ ನಡೆಯುವುದಿಲ್ಲ?

1981ರಲ್ಲಿ ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್ ಪತ್ರಿಕೆಯಲ್ಲಿ ಹೆರ್ಮನ್ ಮತ್ತು ಷ್ಮೇಲ್ಸ್ಲೆ ಎಂಬ ಇಬ್ಬರು ಇದೇ ಕೊರತೆಯನ್ನು ಎತ್ತಿ ತೋರಿಸಿದರು. ಎರಡು ನಿಯಮಗಳು ಸಾಲವು, ಏಟು ಗುಂಡಿನಿಂದ ಗುಂಡಿಗೆ ಹೇಗೆ ದಾಟುತ್ತದೆ ಎಂಬುದನ್ನೂ ನೋಡಬೇಕು ಎಂದರು. ಗುಂಡುಗಳ ನಡುವೆ ಕೂದಲೆಳೆಯಷ್ಟು ಸಂದು ಇದ್ದರೆ ವಿಷಯ ಸುಲಭ. ಮೊದಲನೆಯದು ಎರಡನೆಯದಕ್ಕೆ ತನ್ನ ವೇಗವನ್ನೆಲ್ಲ ಕೊಟ್ಟು ನಿಲ್ಲುತ್ತದೆ, ಎರಡನೆಯದು ಮೂರನೆಯದಕ್ಕೆ, ಹೀಗೆ ಕೊನೆಯವರೆಗೆ. ಸಮ ತೂಕದ ಎರಡು ಗಟ್ಟಿ ಗುಂಡುಗಳ ನಡುವೆ ಯಾವಾಗಲೂ ನಡೆಯುವುದು ಇದೇ ವಿನಿಮಯ. ಗುಂಡುಗಳು ಒಂದಕ್ಕೊಂದು ತಾಗಿಕೊಂಡಿದ್ದಾಗಲೇ ಕಥೆ ಸೂಕ್ಷ್ಮವಾಗುವುದು. ಎರಡು ಗೋಳಗಳು ತಾಗುವುದು ಒಂದು ಚುಕ್ಕೆಯಲ್ಲಿ. ಒತ್ತಿದಂತೆಲ್ಲ ಆ ಚುಕ್ಕೆ ಅಗಲವಾಗುತ್ತದೆ, ಅಗಲವಾದಂತೆ ಇನ್ನೂ ಗಡುಸಾಗುತ್ತದೆ. ಜರ್ಮನಿಯ ಹೈನ್‌ರಿಖ್ ಹರ್ಟ್ಸ್ 1880ರ ದಶಕದ ಆರಂಭದಲ್ಲಿ ಇದರ ಗಣಿತ ಬಿಡಿಸಿದ. ಎರಡರಷ್ಟು ಅದುಮಲು ಎರಡರಷ್ಟು ಬಲ ಸಾಲದು, ಸುಮಾರು 2.8ರಷ್ಟು ಬೇಕು. ಏಟು ಆ ಚುಕ್ಕೆಗಳ ಮೂಲಕ ಒಂದು ಅಲೆಯಾಗಿ, ಹೆಚ್ಚು ಹರಡಿಹೋಗದೆ, ಆಚೆ ತುದಿಗೆ ತಲುಪುತ್ತದೆ. ಹರಡುವುದೇ ಇಲ್ಲ ಎಂದಲ್ಲ. ಹತ್ತಿರದಿಂದ ಕಣ್ಣಿಟ್ಟು ನೋಡಿದರೆ ನಡುವಿನ ಗುಂಡುಗಳು ಸ್ವಲ್ಪ ನಡುಗುವುದು ಕಾಣುತ್ತದೆ. ಪ್ರತಿ ಏಟಿನಲ್ಲೂ ಆ ನಡುಕ ಕೂಡುತ್ತ ಹೋಗಿ, ಕೊನೆಗೆ ಐದೂ ಒಟ್ಟಿಗೆ ಅತ್ತಿತ್ತ ತೂಗತೊಡಗುತ್ತವೆ. ಗುಂಡುಗಳ ಶಕ್ತಿ ಸದ್ದಾಗಿ, ಬಿಸಿಯಾಗಿ, ಗಾಳಿಯ ತಡೆಗೆ ಸೋತು ಹೋಗುತ್ತದೆ. ನಿಮಗೆ ಕೇಳುವ ಪ್ರತಿ ‘ಟಕ್’ ಆ ಖರ್ಚಿನ ಒಂದು ಪಾಲು.

ಆ ‘ಟಕ್’ ಎಷ್ಟು ಬಾರಿ ಕೇಳುತ್ತದೆ ಎಂದು ಮಗು ಮೊದಲೇ ಲೆಕ್ಕ ಹಾಕಬಹುದು. ಮೇಲಿನ ಸರಳಿನಿಂದ ಗುಂಡಿನ ನಡುವಿಗೆ ನೇರ ಕೆಳಗೆ ಅಳೆದರೆ 12 ಸೆಂಟಿಮೀಟರ್ ಇದೆ ಎನ್ನೋಣ. ಲೋಲಕದ ಸೂತ್ರದಂತೆ ಒಂದು ಪೂರ್ತಿ ತೂಗಾಟಕ್ಕೆ ಸುಮಾರು 0.7 ಸೆಕೆಂಡು, ಅದರಲ್ಲಿ ಎರಡು ಏಟು. ನಿಮಿಷಕ್ಕೆ ಸುಮಾರು 170. ಗುಂಡನ್ನು ಇನ್ನಷ್ಟು ಎತ್ತಿ ಬಿಟ್ಟರೆ ಸದ್ದು ಜೋರಾಗುತ್ತದೆ, ಆದರೆ ಎಣಿಕೆ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಮೊಬೈಲಿನಲ್ಲಿ ಸದ್ದು ಮುದ್ರಿಸಿಕೊಂಡು ಎಣಿಸಿದರೆ ಗೆಲಿಲಿಯೋ ಕಂಡ ಸತ್ಯ ಮಗುವಿಗೂ ಕಾಣುತ್ತದೆ.

ಇನ್ನೊಂದು ಪ್ರಯೋಗಕ್ಕೆ ಅಡುಗೆಮನೆಯಿಂದ ಚಪಾತಿ ಹಿಟ್ಟಿನ ಒಂದು ಚೂರು ಸಾಕು. ಎರಡು ಗುಂಡುಗಳ ನಡುವೆ ಅದನ್ನು ಅಂಟಿಸಿ ಬಿಟ್ಟುನೋಡಿ, ಆಟಿಕೆಯ ಪ್ರಾಣವೇ ಹೋದಂತಾಗುತ್ತದೆ. ನ್ಯೂಟನ್ ಉಣ್ಣೆಯಲ್ಲಿ ಕಂಡದ್ದನ್ನು ಈಸ್ಟ್ ಹ್ಯಾಮ್‌ನ ಹುಡುಗಿ ಹಿಟ್ಟಿನಲ್ಲಿ ಕಾಣುತ್ತಾಳೆ. ಆಟಿಕೆ ಕೊಳ್ಳುವ ಮೊದಲೇ ನೋಡಬೇಕೆಂದರೆ ನಡುವೆ ತೋಡು ಇರುವ ಒಂದು ಸ್ಕೇಲಿನ ಮೇಲೆ ಐದಾರು ಗೋಲಿ ಸಾಲಾಗಿ ಇಟ್ಟು, ಒಂದು ಗೋಲಿ ಉರುಳಿಸಿ ಬಡಿಸಿ. ಆಚೆಯದೊಂದು ಹೊರಟುಹೋಗುತ್ತದೆ. ಊರಿನ ಅಜ್ಜ ಅಜ್ಜಿಯೂ ವಿಡಿಯೋ ಕರೆಯಲ್ಲಿ ಕೂತು ಜೊತೆಗೆ ಮಾಡಬಹುದಾದ ಪ್ರಯೋಗ ಇದು.

ಗಾತ್ರ ದೊಡ್ಡದಾದರೆ ಆಟ ಚೆಂದವಾಗುತ್ತದೆ ಎಂಬ ಭ್ರಮೆ ಬೇಡ. ಅಮೆರಿಕದ ಮಿತ್‌ಬಸ್ಟರ್ಸ್ ಎಂಬ ಟಿವಿ ತಂಡ 2011ರಲ್ಲಿ ಉಕ್ಕಿನ ದೊಡ್ಡ ತೇಲುಬುರುಡೆಗಳಿಗೆ ಕಾಂಕ್ರೀಟು, ಕಂಬಿ ತುಂಬಿ, ಒಂದೊಂದೂ ಟನ್ನಿನ ಲೆಕ್ಕದ ಐದು ಗುಂಡುಗಳನ್ನು ತೂಗುಹಾಕಿತು. ಆಟ ಬೇಗನೆ ನಿಂತುಹೋಯಿತು. ಒಳಗೆ ಒಂದೇ ಹದದ ಗಟ್ಟಿತನ ಇಲ್ಲದಿದ್ದರೆ ಏಟಿನ ಶಕ್ತಿ ದಾರಿಯಲ್ಲೇ ಕರಗುತ್ತದೆ.

ಹಾಗಾದರೆ ಅಂಗಡಿಯಲ್ಲಿ ಏನು ನೋಡಬೇಕು? ಮೊದಲು ಕಣ್ಣನ್ನು ಗುಂಡುಗಳ ಮಟ್ಟಕ್ಕೆ ತಂದು ಸಾಲನ್ನು ದಿಟ್ಟಿಸಬೇಕು. ಐದರ ನಡುಬಿಂದುವೂ ಒಂದೇ ಗೆರೆಯಲ್ಲಿರಬೇಕು. ಒಂದು ದಾರ ತುಸು ಉದ್ದವಾದರೂ ಏಟು ಓರೆಯಾಗಿ ಬಿದ್ದು ಗುಂಡುಗಳು ಪಕ್ಕಕ್ಕೆ ಕುಣಿಯುತ್ತವೆ. ಪ್ರತಿ ಗುಂಡಿಗೂ ಎರಡೆರಡು ದಾರ ಇಳಿಬಿಟ್ಟಿರುವುದು ಆ ಅಡ್ಡಕುಣಿತ ತಪ್ಪಿಸಲಿಕ್ಕೇ. ಸುಮ್ಮನೆ ನಿಂತಾಗ ಗುಂಡುಗಳು ಹಗುರವಾಗಿ ತಾಗಿಕೊಂಡಿರಬೇಕು. ಒಂದರ ಮೇಲೊಂದು ಒರಗಿದ್ದರೂ ಬೇಡ, ಕಾಣುವಷ್ಟು ಸಂದಿದ್ದರೂ ಬೇಡ. ಅಡಿಪೀಠ ಭಾರವಾಗಿರಲಿ. ಪೀಠವೇ ಅಲ್ಲಾಡಿದರೆ ಶಕ್ತಿ ಅದಕ್ಕೆ ಹೋಗುತ್ತದೆ. ಗುಂಡು ಕೈಗೆ ತೂಕವಾಗಿ ಸಿಗಬೇಕು: 2 ಸೆಂಟಿಮೀಟರ್ ಅಡ್ಡಗಲದ ಗಟ್ಟಿ ಉಕ್ಕಿನ ಗುಂಡು 33 ಗ್ರಾಂ ಹತ್ತಿರ ತೂಗುತ್ತದೆ. ಬಹಳ ಹಗುರವಾದರೆ ಒಳಗೆ ಟೊಳ್ಳು. ಈ ಎಲ್ಲ ಗುಣ ಇರುವ ಸಾಧಾರಣ ಆಟಿಕೆಗೆ ಹತ್ತರಿಂದ ಇಪ್ಪತ್ತು ಪೌಂಡ್ ಕೊಟ್ಟರೆ ಸಾಕು. ಬ್ಯಾಟರಿ ಹಾಕಿದರೆ ನಿಲ್ಲದೆ ತೂಗುವ ಬಗೆಯೂ ಸಿಗುತ್ತದೆ, ಪೀಠದಲ್ಲಿ ಅಡಗಿದ ವಿದ್ಯುತ್ಕಾಂತ ಅದನ್ನು ತಳ್ಳುತ್ತಿರುತ್ತದೆ. ಮಗುವಿನ ಮೇಜಿಗೆ ಅದು ಖಂಡಿತ ಬೇಡ. ಯಾಕೆ ನಿಲ್ಲುತ್ತದೆ ಎಂಬ ಒಳ್ಳೆಯ ಪ್ರಶ್ನೆಯನ್ನೇ ಅದು ಕಸಿದುಕೊಳ್ಳುತ್ತದೆ.

ಒಂದು ಎಚ್ಚರಿಕೆಯ ಮಾತು. ಮೇಜಿನ ಆಟಿಕೆ ಎಂದು ಅದೇ ಕಪಾಟಿನಲ್ಲಿ ಸಣ್ಣ ಸಣ್ಣ ಶಕ್ತಿಯುತ ಅಯಸ್ಕಾಂತದ ಗುಂಡುಗಳೂ ಸಿಗುತ್ತವೆ. ಮಕ್ಕಳು ಎರಡು ನುಂಗಿದರೆ ಅವು ಹೊಟ್ಟೆಯಲ್ಲಿ ಕರುಳಿನ ಗೋಡೆಗಳ ಆಚೀಚೆ ಒಂದನ್ನೊಂದು ಸೆಳೆದು ರಂಧ್ರ ಮಾಡಬಲ್ಲವು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ 2021ರಲ್ಲಿ ಅವುಗಳ ಮಾರಾಟ ನಿಷೇಧಿಸಬೇಕೆಂದು ಕೇಳಿತ್ತು. ಅವುಗಳನ್ನು ಮಕ್ಕಳಿರುವ ಮನೆಗೆ ತರಲೇಬಾರದು. ತೂಗುಗುಂಡಿನ ಆಟಿಕೆಯನ್ನೂ ತೀರಾ ಚಿಕ್ಕ ಮಕ್ಕಳ ಕೈಗೆ ಕೊಡಬಾರದು, ದಾರ ಕಿತ್ತರೆ ಗುಂಡು ಬಾಯಿಗೆ ಹೋಗುತ್ತದೆ. ಊರಿನಲ್ಲಿ ಕೊಳ್ಳುವವರಿಗೂ ಒಂದು ಮಾತು: ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ.

ಪ್ರೆಬಲ್ ಅವರ ಮೊದಲ ಆಟಿಕೆಗೆ ಮರದ ಚೌಕಟ್ಟು ಇತ್ತಲ್ಲ, ಆ ಕೆಲಸಕ್ಕೆ ನಮ್ಮ ಚನ್ನಪಟ್ಟಣಕ್ಕಿಂತ ಒಳ್ಳೆಯ ಕೈ ಎಲ್ಲಿದೆ? ಹಾಲೆಮರವನ್ನು ಕಡೆದು ಅರಗಿನ ಬಣ್ಣ ಏರಿಸಿದ ಚೌಕಟ್ಟು, ಅದಕ್ಕೆ ಒಳ್ಳೆಯ ಬೇರಿಂಗ್ ಗುಂಡುಗಳು. ಬೇರಿಂಗ್ ಗುಂಡು ಗಡಸು, ಗಾತ್ರದಲ್ಲಿ ಒಂದಕ್ಕೊಂದು ಕರಾರುವಾಕ್ಕು, ಈ ಆಟಕ್ಕೆ ಹೇಳಿ ಮಾಡಿಸಿದ್ದು. ಮರದ ಗುಂಡು ಮಾತ್ರ ಬೇಡ, ಅದು ಏಟನ್ನು ನುಂಗುತ್ತದೆ. ಯಾರಾದರೂ ಇದನ್ನು ಮಾಡಿ ಮಾರಿದರೆ ಲಂಡನ್ನಿನ ಕನ್ನಡ ಮನೆಗಳಲ್ಲೂ ಗಿರಾಕಿಗಳು ಸಿಗುತ್ತಾರೆ.

ಆಟಿಕೆ ತಂದಾಯಿತು, ಮಗು ಆಡಿ ದಣಿಯಿತು ಎನ್ನೋಣ. ಮುಂದಿನ ಶನಿವಾರ ಈಸ್ಟ್ ಹ್ಯಾಮ್ ಸ್ಟೇಷನ್ನಿಗೆ ಹೋಗಿ ಡಿಸ್ಟ್ರಿಕ್ಟ್ ಲೈನ್ ಹತ್ತಿ. ಮಾನ್ಯುಮೆಂಟ್‌ನಲ್ಲಿ ಇಳಿದರೆ ರೆನ್ ಮತ್ತು ವಿಜ್ಞಾನಿ ರಾಬರ್ಟ್ ಹುಕ್ ಸೇರಿ ಎತ್ತಿದ 202 ಅಡಿ ಎತ್ತರದ ಕಂಬ. 311 ಮೆಟ್ಟಿಲು ಹತ್ತಬೇಕು. ಸೊಸೈಟಿಯ ಮುಂದೆ ಗುಂಡುಗಳನ್ನು ಬಡಿಸಿದ ರೆನ್ ಕಟ್ಟಿದ್ದು ಎಂದು ಮಗುವಿಗೆ ಹೇಳಿ. ಅದೇ ಲೈನಿನಲ್ಲಿ ವೆಸ್ಟ್‌ಮಿನ್‌ಸ್ಟರ್‌ಗೆ ಬಂದರೆ ಅಬ್ಬೆಯಲ್ಲಿ ನ್ಯೂಟನ್ನನ ಸಮಾಧಿ. ಥೇಮ್ಸ್‌ನ ಆಚೆ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ನೋಡಲು ಹೋಗುವ ಕನ್ನಡಿಗರಿಗೆ ಅಬ್ಬೆ ನಡೆದು ಹೋಗುವಷ್ಟು ಹತ್ತಿರ. ಇನ್ನೂ ಮುಂದೆ ಸೌತ್ ಕೆನ್ಸಿಂಗ್ಟನ್‌ನಲ್ಲಿ ಸೈನ್ಸ್ ಮ್ಯೂಸಿಯಂ ಇದೆ. ಅಬ್ಬೆಗೆ ಟಿಕೆಟ್ ಬೇಕು, ಮ್ಯೂಸಿಯಂಗೆ ಪ್ರವೇಶ ಉಚಿತ. ಭಾನುವಾರ ದೂರ ಹೋಗುವುದು ಬೇಡವೆನಿಸಿದರೆ ಹೈ ಸ್ಟ್ರೀಟ್ ಸೌತ್‌ನ ಚರ್ಚಿನವರೆಗೆ ನಡೆದು ಬನ್ನಿ, ಸ್ಟೂಕ್ಲಿಯ ಹೆಸರನ್ನು ಮಕ್ಕಳಿಗೆ ತಿಳಿಸಿ. ಬೆಂಗಳೂರಿನಲ್ಲಿ ಇರುವ ಕೇಳುಗರು 1962ರ ಜುಲೈ 14ರಂದು ನೆಹರೂ ಉದ್ಘಾಟಿಸಿದ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ಎಲ್ಲಿಗೆ ಹೋದರೂ ಮೂರು ಗುಂಡಿನ ಆ 1, 2, 2ರ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ, ಮಕ್ಕಳು ತಾವೇ ಕೂಡಿ ಕಳೆದು ನೋಡಲಿ.